ಮೈಯಲ್ಲಿ ವೈರಸ್ ಇರುವಾಗ ಸ್ಟೆರಾಯ್ಡ್ ಯಾಕೆ ಕೊಡುತ್ತಾರೆ?

ಮಳೆಗಾಲ ಶುರುವಾದರೆ ಮಂಗಳೂರು, ಉಡುಪಿಯ ಆಸ್ಪತ್ರೆಗಳಲ್ಲಿ ಜ್ವರದವರ ಸಾಲು ಉದ್ದವಾಗುತ್ತದೆ. ಡೆಂಗಿ, ಮಲೇರಿಯಾ, ಇಲಿಜ್ವರ, ಫ್ಲೂ ಎಲ್ಲ ಒಟ್ಟಿಗೇ ಬರುತ್ತವೆ. ಹೆಚ್ಚಿನವರು ನಾಲ್ಕೈದು ದಿನದಲ್ಲಿ ಗುಣವಾಗಿ ಕೆಲಸಕ್ಕೆ ಹೋಗುತ್ತಾರೆ. ಕೆಲವರಿಗೆ ಮಾತ್ರ ವೈರಸ್ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಆಕ್ಸಿಜನ್ ಬೇಕಾಗುತ್ತದೆ, ಐಸಿಯುಗೆ ಹೋಗಬೇಕಾಗುತ್ತದೆ. ಅಲ್ಲಿ ಡಾಕ್ಟರ್ ಹೊರಗೆ ಬಂದು "ಸ್ಟೆರಾಯ್ಡ್ ಶುರು ಮಾಡಿದ್ದೇವೆ" ಎಂದ ಕೂಡಲೇ ಮನೆಯವರ ಮುಖ ಬಾಡುತ್ತದೆ. ಸ್ಟೆರಾಯ್ಡ್ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ ಎಂದು ಎಲ್ಲರೂ ಕೇಳಿದ್ದಾರೆ. ಒಳಗೆ ವೈರಸ್ ಇರುವಾಗ ಆ ಶಕ್ತಿಯನ್ನೇ ತಗ್ಗಿಸಿದರೆ ಹೇಗೆ, ಇದು ಯಾವ ಲೆಕ್ಕ ಮಾರಾಯ್ರೆ, ಅಂತ ಅನ್ನಿಸುವುದು ಸಹಜ ಅಲ್ವಾ?

ಪ್ರಶ್ನೆ ಸರಿಯಾಗಿಯೇ ಇದೆ. 2020ರ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಕೋವಿಡ್ ನ್ಯುಮೋನಿಯಾಕ್ಕೆ ಸ್ಟೆರಾಯ್ಡನ್ನು ವಾಡಿಕೆಯಂತೆ ಕೊಡಬೇಡಿ ಎಂದೇ ಹೇಳಿತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ರೋಗ ತೀವ್ರವಾಗಿದ್ದವರಿಗೆ ಕೊಡಲೇಬೇಕು ಎಂದಿತು. ನಡುವೆ ಏನಾಯಿತು ಎಂದು ತಿಳಿದರೆ ಆ ಐಸಿಯು ಬಾಗಿಲಲ್ಲಿ ನಿಂತವರಿಗೆ ಅರ್ಧ ಉತ್ತರ ಸಿಕ್ಕಂತೆ. ಆದರೆ ಮೊದಲು ಶ್ವಾಸಕೋಶದ ಒಳಗೆ ಏನಾಗುತ್ತದೆ ಎಂದು ನೋಡಬೇಕು.

ನಮ್ಮ ಶ್ವಾಸಕೋಶದಲ್ಲಿ 30 ಕೋಟಿಗೂ ಹೆಚ್ಚು ಪುಟ್ಟ ಗಾಳಿಚೀಲಗಳಿವೆ. ಪ್ರತಿ ಚೀಲದ ಗೋಡೆ ತೀರಾ ತೆಳು. ಒಂದು ಕಡೆ ಗಾಳಿ, ಇನ್ನೊಂದು ಕಡೆ ರಕ್ತ. ಆಕ್ಸಿಜನ್ ಆ ಗೋಡೆಯನ್ನು ದಾಟಿ ರಕ್ತಕ್ಕೆ ಸೇರುತ್ತದೆ. ವೈರಸ್ ಈ ಗೋಡೆಯ ಜೀವಕೋಶಗಳ ಒಳಗೆ ನುಗ್ಗಿ ಬೆಳೆಯುತ್ತದೆ. ಸೋಂಕು ತಗುಲಿದ ಕೋಶಗಳು ರಾಸಾಯನಿಕ ಸಂದೇಶಗಳನ್ನು ಕಳಿಸುತ್ತವೆ. ಇವಕ್ಕೆ ಸೈಟೋಕೈನ್ ಎನ್ನುತ್ತಾರೆ. ಸಂದೇಶ ಸಿಕ್ಕಿದ ಬಿಳಿ ರಕ್ತಕಣಗಳು ಹಿಂಡುಹಿಂಡಾಗಿ ಬರುತ್ತವೆ. ಅವು ಒಳಗೆ ಬರಲಿ ಎಂದು ರಕ್ತನಾಳಗಳ ಗೋಡೆ ಸಡಿಲವಾಗುತ್ತದೆ. ಇಷ್ಟರವರೆಗೆ ಎಲ್ಲ ಸರಿ. ಹೆಚ್ಚಿನವರಲ್ಲಿ ವೈರಸ್ ಸತ್ತ ಮೇಲೆ ಈ ಗಲಾಟೆ ತಾನಾಗಿ ನಿಲ್ಲುತ್ತದೆ. ಕೆಲವರಲ್ಲಿ ನಿಲ್ಲುವುದಿಲ್ಲ. ಸಡಿಲವಾದ ನಾಳಗಳಿಂದ ನೀರು, ಪ್ರೋಟೀನ್ ಸೋರಿ ಗಾಳಿಚೀಲ ತುಂಬುತ್ತದೆ. ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಗಾಳಿ ಇದ್ದರೂ ಆಕ್ಸಿಜನ್ ಒಳಗೆ ಹೋಗುವುದಿಲ್ಲ.

ಗದ್ದೆಗೆ ಕಾಡುಹಂದಿ ನುಗ್ಗಿದಾಗ ಏನಾಗುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಊರವರೆಲ್ಲ ಕೋಲು, ಟಾರ್ಚ್ ಹಿಡಿದು ಗದ್ದೆಗೆ ಇಳಿಯುತ್ತಾರೆ. ಹಂದಿ ಓಡಿಹೋಗುತ್ತದೆ. ಆದರೆ ಜನ ಇನ್ನೂ ಗದ್ದೆಯೊಳಗೇ ಓಡಾಡುತ್ತಿದ್ದರೆ ಉಳಿದ ಪೈರೂ ಕಾಲಡಿಗೆ ಹೋಗುತ್ತದೆ. ಆಗ "ಸಾಕು, ಮೇಲೆ ಬನ್ನಿ" ಎನ್ನಬೇಕು. ಸ್ಟೆರಾಯ್ಡ್ ಮಾಡುವುದು ಅದನ್ನೇ. ಹಂದಿ ಇನ್ನೂ ಗದ್ದೆಯಲ್ಲಿರುವಾಗಲೇ ಎಲ್ಲರನ್ನೂ ಮೇಲೆ ಕರೆದರೆ? ಬೆಳೆ ಪೂರ್ತಿ ಹಂದಿಯ ಪಾಲು. ಆದ್ದರಿಂದ ಈ ಔಷಧವನ್ನು ಯಾರಿಗೆ, ಯಾವಾಗ, ಯಾವ ವೈರಸ್‌ಗೆ ಕೊಡುತ್ತಿದ್ದೇವೆ ಎನ್ನುವುದೇ ಮುಖ್ಯ. ಸ್ಟೆರಾಯ್ಡ್ ಒಳ್ಳೆಯದೋ ಕೆಟ್ಟದೋ ಎಂದು ಸುಮ್ನೆ ಕೇಳಿದರೆ ಉತ್ತರ ಸಿಗುವುದಿಲ್ಲ.

2020ರಲ್ಲಿ ಈ ಪ್ರಶ್ನೆಗೆ ಸರಿಯಾದ ಪರೀಕ್ಷೆ ನಡೆಯಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ರಿಕವರಿ ಎಂಬ ದೊಡ್ಡ ಪ್ರಯೋಗ ಶುರು ಮಾಡಿದರು. ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೆ ಅದರ ಮುಂದಾಳುಗಳು. ಯಾರಿಗೆ ಔಷಧ, ಯಾರಿಗೆ ಇಲ್ಲ ಎಂಬುದನ್ನು ಡಾಕ್ಟರ್ ಆರಿಸಲಿಲ್ಲ, ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸಿತು. 2,104 ಮಂದಿಗೆ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್, ಹೆಚ್ಚೆಂದರೆ 10 ದಿನ. ಉಳಿದ 4,321 ಮಂದಿಗೆ ಮಾಮೂಲಿ ಆರೈಕೆ. 28 ದಿನಗಳ ಒಳಗೆ ಎಷ್ಟು ಜನ ತೀರಿಕೊಂಡರು ಎಂದು ಲೆಕ್ಕ ಹಾಕಿದರು.

ವೆಂಟಿಲೇಟರ್‌ನಲ್ಲಿ ಇದ್ದವರ ಪೈಕಿ, ಔಷಧ ಸಿಗದ ಗುಂಪಿನಲ್ಲಿ ನೂರಕ್ಕೆ 41 ಮಂದಿ ತೀರಿಕೊಂಡಿದ್ದರು. ಔಷಧ ಸಿಕ್ಕಿದ ಗುಂಪಿನಲ್ಲಿ 29. ಅಂದರೆ ವೆಂಟಿಲೇಟರ್‌ನಲ್ಲಿರುವ ಎಂಟು ಮಂದಿಗೆ ಈ ಔಷಧ ಕೊಟ್ಟರೆ ಒಂದು ಜೀವ ಉಳಿಯುತ್ತದೆ. ಆಕ್ಸಿಜನ್ ಮಾತ್ರ ಬೇಕಾದವರಲ್ಲಿ 26 ಇದ್ದದ್ದು 23ಕ್ಕೆ ಇಳಿಯಿತು. ಇಲ್ಲಿ ಲಾಭ ಸಣ್ಣದು, ಆದರೆ ನಿಜವಾದದ್ದು. ಆಕ್ಸಿಜನ್ನೇ ಬೇಡದವರ ಕಥೆ ಬೇರೆ. ಔಷಧ ಸಿಗದವರಲ್ಲಿ ಸಾವು ನೂರಕ್ಕೆ 14, ಸಿಕ್ಕವರಲ್ಲಿ ಸುಮಾರು 18. ಈ ಕೊನೆಯ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದು. ಆದರೆ ಲಾಭವಂತೂ ಇಲ್ಲ, ಹಾನಿಯ ಸುಳಿವು ಇದೆ. ಔಷಧ ಅದೇ, ಡೋಸ್ ಅದೇ, ಕಾಯಿಲೆಯೂ ಅದೇ. ಗೆರೆ ಎಳೆದದ್ದು ಆಕ್ಸಿಜನ್.

ನನಗೆ ಈ ಪ್ರಯೋಗದ ಬಗ್ಗೆ ತುಂಬಾ ಗೌರವ. ಡೆಕ್ಸಾಮೆಥಾಸೋನ್ ಹೊಸ ಮದ್ದೇನಲ್ಲ. 1950ರ ದಶಕದ ಕೊನೆಯಿಂದಲೂ ಇದೆ. ಸಣ್ಣ ಊರಿನ ಕ್ಲಿನಿಕ್ಕಿನಲ್ಲೂ ಸಿಗುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಬರುವ 2 ಮಿಲಿಲೀಟರಿನ ಪುಟ್ಟ ಬಾಟಲಿಯಲ್ಲಿ 8 ಮಿಲಿಗ್ರಾಂ ಇರುತ್ತದೆ. 6 ಮಿಲಿಗ್ರಾಂ ಬೇಕಾದರೆ ನರ್ಸ್ ಒಂದೂವರೆ ಮಿಲಿಲೀಟರ್ ಎಳೆದುಕೊಂಡು ರಕ್ತನಾಳಕ್ಕೆ ನಿಧಾನವಾಗಿ ಕೊಡುತ್ತಾರೆ. ಬೆಲೆ ಕೆಲವೇ ರೂಪಾಯಿ. ಆಗ ಸಾವಿರಾರು ರೂಪಾಯಿಯ ರೆಮ್‌ಡೆಸಿವಿರ್‌ಗಾಗಿ ಜನ ಊರೂರು ಅಲೆಯುತ್ತಿದ್ದರು. ಸಾವನ್ನು ಸ್ಪಷ್ಟವಾಗಿ ತಗ್ಗಿಸಿದ ಮೊದಲ ಮದ್ದು ಮಾತ್ರ ವಾರ್ಡಿನ ಕಪಾಟಿನಲ್ಲಿ ಮೊದಲಿನಿಂದಲೂ ಇತ್ತು. ಜೂನ್ 2020ರಲ್ಲಿ ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೂ ಅದನ್ನು ಚಿಕಿತ್ಸೆಯ ಮಾರ್ಗಸೂಚಿಗೆ ಸೇರಿಸಿತು.

ಮೊದಲ ವಾರ, ಎರಡನೇ ವಾರ

ಕೋವಿಡ್‌ನಲ್ಲಿ ಲಕ್ಷಣ ಕಾಣಿಸಿದ ಆಸುಪಾಸಿನ ದಿನಗಳಲ್ಲೇ ವೈರಸ್ ಸಂಖ್ಯೆ ಅತಿ ಜಾಸ್ತಿ ಇರುತ್ತದೆ. ಆಮೇಲೆ ಇಳಿಯುತ್ತಾ ಹೋಗುತ್ತದೆ. ಉಸಿರಾಟ ಕೆಡುವುದು ಹೆಚ್ಚಾಗಿ ಮೊದಲ ವಾರದ ಕೊನೆಗೆ ಅಥವಾ ಎರಡನೇ ವಾರದಲ್ಲಿ. ಆ ಹೊತ್ತಿಗೆ ಹಾನಿಯ ದೊಡ್ಡ ಪಾಲು ನಮ್ಮದೇ ರಕ್ಷಣಾ ಪಡೆಯಿಂದ ಆಗುತ್ತಿರುತ್ತದೆ. ಅದಕ್ಕೇ ಆಗ ಕೊಟ್ಟ ಸ್ಟೆರಾಯ್ಡ್ ಕೆಲಸ ಮಾಡುತ್ತದೆ. ರಿಕವರಿಯಲ್ಲೂ ಲಕ್ಷಣ ಶುರುವಾಗಿ ಒಂದು ವಾರ ದಾಟಿದವರಿಗೇ ಲಾಭ ಎದ್ದು ಕಂಡಿತು.

ನಮ್ಮಲ್ಲಿ ತಪ್ಪಿದ್ದು ಇಲ್ಲೇ. 2021ರ ಎರಡನೇ ಅಲೆಯಲ್ಲಿ ಜ್ವರ ಬಂದ ಎರಡನೇ ದಿನಕ್ಕೇ, ಆಕ್ಸಿಜನ್ ಮಟ್ಟ 98 ಇದ್ದವರೂ ವಾಟ್ಸಾಪ್‌ನಲ್ಲಿ ಬಂದ ಚೀಟಿ ನೋಡಿ ಸ್ಟೆರಾಯ್ಡ್ ಮಾತ್ರೆ ನುಂಗಿದರು. ಆಗ ದೆಹಲಿಯ ಏಮ್ಸ್ ನಿರ್ದೇಶಕರಾಗಿದ್ದ ಡಾ. ರಣದೀಪ್ ಗುಲೇರಿಯಾ, ಬೇಗ ಸ್ಟೆರಾಯ್ಡ್ ತಗೊಳ್ಳಬೇಡಿ, ಅದರಿಂದ ವೈರಸ್ ಇನ್ನೂ ಬೆಳೆಯಬಹುದು ಎಂದು ಬಹಿರಂಗವಾಗಿ ಎಚ್ಚರಿಸಬೇಕಾಯಿತು. ಮೋಸ ಎಲ್ಲಿದೆ ಎಂದರೆ, ಸ್ಟೆರಾಯ್ಡ್ ತಗೊಂಡ ದಿನವೇ ಜ್ವರ ಇಳಿಯುತ್ತದೆ, ಮೈಕೈ ನೋವು ಹೋಗುತ್ತದೆ, ಹಸಿವಾಗುತ್ತದೆ. ಮದ್ದು ಹಿಡಿಯಿತು ಅನ್ನಿಸುತ್ತದೆ. ಒಳಗೆ ವೈರಸ್‌ಗೆ ದಾರಿ ಸಲೀಸಾಗಿರುತ್ತದೆ. ಇವತ್ತಿಗೂ ಜ್ವರಕ್ಕೆ ಹೆಸರಿಲ್ಲದ ಪೊಟ್ಟಣದಲ್ಲಿ ನಾಲ್ಕು ಬಗೆಯ ಮಾತ್ರೆ ಸಿಗುವ ಜಾಗಗಳು ಇವೆ. ಅದರಲ್ಲಿ ಸ್ಟೆರಾಯ್ಡ್ ಉಂಟಾ ಎಂದು ಕೇಳುವುದು ನಿಮ್ಮ ಹಕ್ಕು. ದಯವಿಟ್ಟು ಕೇಳಿ.

ಕೊಡಬೇಕಾದವರಿಗೆ ಜಾಸ್ತಿ ಕೊಟ್ಟರೆ ಜಾಸ್ತಿ ಲಾಭವಾಗುತ್ತದಾ? ಅದನ್ನೂ ರಿಕವರಿಯವರೇ ನೋಡಿದರು. ಮಾಮೂಲಿ ಆಕ್ಸಿಜನ್‌ನಲ್ಲಿ ಇದ್ದವರಿಗೆ ಮತ್ತು ಆಕ್ಸಿಜನ್ ಬೇಡದವರಿಗೆ ಹೆಚ್ಚಿನ ಡೋಸ್ ಕೊಟ್ಟಾಗ ಸಾವು ನೂರಕ್ಕೆ 19 ಆಯಿತು. ಹೋಲಿಕೆಯ ಗುಂಪಿನಲ್ಲಿ 12 ಇತ್ತು. ಆ ಭಾಗದ ಪ್ರಯೋಗವನ್ನು ನಿಲ್ಲಿಸಿದರು. "ಇನ್ನೂ ಸ್ಟ್ರಾಂಗ್ ಡೋಸ್ ಕೊಡಿ ಡಾಕ್ಟ್ರೇ" ಎಂದು ಒತ್ತಾಯ ಮಾಡುವವರು ಈ ಎರಡು ಅಂಕಿಗಳನ್ನು ನೆನಪಿಟ್ಟರೆ ಒಳ್ಳೆಯದು.

ಫ್ಲೂ ಬೇರೆ

ಎಚ್1ಎನ್1 ಎಂಬ ಫ್ಲೂ ನಮ್ಮ ಕರಾವಳಿಗೆ ಹೊಸದಲ್ಲ. 2009ರಿಂದ ಮಳೆಗಾಲದಲ್ಲಿ ಆಗಾಗ ತಲೆ ಎತ್ತುತ್ತಲೇ ಇದೆ. ಕೋವಿಡ್ ಪಾಠವನ್ನು ಹಾಗೇ ಎತ್ತಿ ಇದಕ್ಕೆ ಹಚ್ಚಲು ಆಗುವುದಿಲ್ಲ. ಫ್ಲೂ ನ್ಯುಮೋನಿಯಾ ಕೋವಿಡ್‌ಗಿಂತ ಬೇಗ ಬಿಗಡಾಯಿಸಬಹುದು, ಆಗ ವೈರಸ್ ಇನ್ನೂ ಜೋರಾಗಿ ಬೆಳೆಯುತ್ತಿರುತ್ತದೆ. ಜೊತೆಗೆ ಬ್ಯಾಕ್ಟೀರಿಯಾ ಸೇರಿಕೊಂಡು ಎರಡನೇ ನ್ಯುಮೋನಿಯಾ ಆಗುವ ಭಯವೂ ಉಂಟು. ಫ್ಲೂಗೆ ಸ್ಟೆರಾಯ್ಡ್ ಸಿಕ್ಕವರಲ್ಲಿ ಸಾವು ಜಾಸ್ತಿ ಎಂದು ಹಲವು ಅವಲೋಕನ ಅಧ್ಯಯನಗಳು (ಚೀಟಿ ಎತ್ತದೆ, ಡಾಕ್ಟರ್ ಕೊಟ್ಟದ್ದನ್ನು ನೋಡಿ ಲೆಕ್ಕ ಹಾಕಿದವು) ಹೇಳಿವೆ. ತೀರಾ ಕಷ್ಟದಲ್ಲಿದ್ದವರಿಗೇ ಸ್ಟೆರಾಯ್ಡ್ ಕೊಟ್ಟದ್ದರಿಂದ ಹಾಗೆ ಕಂಡಿರಲೂಬಹುದು. ಆದರೂ ಕೊಟ್ಟರೆ ಲಾಭ ಎನ್ನಲು ಗಟ್ಟಿ ಪುರಾವೆ ಇಲ್ಲದೆ ಮಾರ್ಗಸೂಚಿಗಳು ಫ್ಲೂ ನ್ಯುಮೋನಿಯಾಕ್ಕೆ ವಾಡಿಕೆಯಂತೆ ಸ್ಟೆರಾಯ್ಡ್ ಬೇಡ ಎನ್ನುತ್ತವೆ. ಅಲ್ಲಿ ಮೊದಲು ಬೇಕಾದ್ದು ಫ್ಲೂ ವೈರಸ್ಸನ್ನೇ ತಡೆಯುವ ಒಸೆಲ್ಟಮಿವಿರ್ ಎಂಬ ಮದ್ದು, ಅದೂ ಆದಷ್ಟು ಬೇಗ.

ಫ್ರಾನ್ಸಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಕೇಪ್ ಕಾಡ್ ಪ್ರಯೋಗ ಇನ್ನೊಂದು ದಿಕ್ಕಿನಿಂದ ಇದನ್ನು ಸ್ಪಷ್ಟ ಮಾಡುತ್ತದೆ. ತೀವ್ರ ನ್ಯುಮೋನಿಯಾ ಆಗಿ ಐಸಿಯು ಸೇರಿದವರಿಗೆ ದಿನಕ್ಕೆ 200 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಎಂಬ ಸ್ಟೆರಾಯ್ಡ್ ಕೊಟ್ಟಾಗ ಸಾವು ನೂರಕ್ಕೆ 11.9ರಿಂದ 6.2ಕ್ಕೆ ಇಳಿಯಿತು. ತುಂಬಾ ದೊಡ್ಡ ಲಾಭ. ಆದರೆ ಫ್ಲೂ ಇದ್ದವರನ್ನು ಆ ಪ್ರಯೋಗಕ್ಕೆ ಸೇರಿಸಿಕೊಂಡೇ ಇರಲಿಲ್ಲ.

ಹಾಗಾಗಿ ಯಾವ ವೈರಸ್ ಎಂದು ಗೊತ್ತಾಗುವುದು ಮುಖ್ಯ. ಗಂಟಲು, ಮೂಗಿನಿಂದ ಸ್ವ್ಯಾಬ್ ತೆಗೆಯುವುದು ಬಿಲ್ ಜಾಸ್ತಿ ಮಾಡಲಿಕ್ಕೆ ಎಂದು ತಿಳಿಯಬೇಡಿ. ಈ ವಿಷಯದಲ್ಲಿ ನಮ್ಮ ಭಾಗದವರು ಪುಣ್ಯವಂತರು. ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರ ಎಷ್ಟು ಮುಂದಿತ್ತು ಎಂದರೆ, 2018ರಲ್ಲಿ ಕೇರಳದ ಕೋಯಿಕ್ಕೋಡ್‌ನಲ್ಲಿ ಹರಡುತ್ತಿದ್ದದ್ದು ನಿಪಾ ಎಂದು ಮೊದಲು ಕಂಡುಹಿಡಿದದ್ದು ಅಲ್ಲೇ.

ಒಂದು ವಿನಾಯಿತಿ ಹೇಳಲೇಬೇಕು. ಆಸ್ತಮಾ ಅಥವಾ ಹಳೆಯ ದಮ್ಮಿನ ಕಾಯಿಲೆ ಇರುವವರಿಗೆ ಫ್ಲೂ ಬಂದು ಉಬ್ಬಸ ಎದ್ದರೆ, ಆ ಉಬ್ಬಸಕ್ಕೆ ಸ್ಟೆರಾಯ್ಡ್ ಬೇಕಾಗುತ್ತದೆ. ಬಿಪಿ ಪೂರ್ತಿ ಕುಸಿದು ಬೇರೆ ಮದ್ದಿಗೆ ಏರದಿದ್ದಾಗಲೂ ಕೊಡುತ್ತಾರೆ. ಕೇಸ್ ಶೀಟ್‌ನಲ್ಲಿ ಹೈಡ್ರೋಕಾರ್ಟಿಸೋನ್ ಎಂದು ಕಂಡ ಕೂಡಲೇ ಗಾಬರಿಯಾಗಬೇಡಿ. ಯಾವ ಕಾರಣಕ್ಕೆ ಎಂದು ಕೇಳಿ.

ಇನ್ನೆರಡು ಮದ್ದುಗಳು

ಸ್ಟೆರಾಯ್ಡ್ ಇಡೀ ರಕ್ಷಣಾ ವ್ಯವಸ್ಥೆಯ ಮೇಲೆ ಕೈಯಿಡುತ್ತದೆ. ಟೋಸಿಲಿಝುಮ್ಯಾಬ್ ಒಂದೇ ಸಂದೇಶವನ್ನು ತಡೆಯುತ್ತದೆ, ಇಂಟರ್‌ಲ್ಯೂಕಿನ್-6 ಎಂಬುದನ್ನು. ಬ್ಯಾರಿಸಿಟಿನಿಬ್ ಸಂದೇಶ ಜೀವಕೋಶದ ಒಳಗೆ ತಲುಪುವ ದಾರಿಯನ್ನೇ ಮುಚ್ಚುತ್ತದೆ. ಇವೆರಡೂ ಮೊದಲು ಸಂಧಿವಾತಕ್ಕೆ ಬಳಕೆಯಲ್ಲಿದ್ದ ಮದ್ದುಗಳು. ಕೋವಿಡ್‌ನಲ್ಲಿ ಆಕ್ಸಿಜನ್ ಮಟ್ಟ 92ಕ್ಕಿಂತ ಕೆಳಗಿದ್ದು, ರಕ್ತದಲ್ಲಿ ಸಿಆರ್‌ಪಿ (ಉರಿಯೂತ ಎಷ್ಟಿದೆ ಎಂದು ತೋರಿಸುವ ಪ್ರೋಟೀನ್) 75 ಅಥವಾ ಅದಕ್ಕಿಂತ ಹೆಚ್ಚಿದ್ದವರಿಗೆ ಟೋಸಿಲಿಝುಮ್ಯಾಬ್ ಕೊಟ್ಟಾಗ ಸಾವು ನೂರಕ್ಕೆ 35ರಿಂದ 31ಕ್ಕೆ ಇಳಿಯಿತು. ಹೆಚ್ಚಿನವರಿಗೆ ಸ್ಟೆರಾಯ್ಡ್ ಆಗಲೇ ಶುರುವಾಗಿತ್ತು. ಅಂದರೆ ಇದು ಸ್ಟೆರಾಯ್ಡ್ ಜೊತೆಗೆ ಕೊಡುವ ಮದ್ದು, ಅದರ ಬದಲಿಗೆ ಅಲ್ಲ. ಬ್ಯಾರಿಸಿಟಿನಿಬ್ ಬಾಯಿಯಿಂದ ತಗೊಳ್ಳುವ ಮಾತ್ರೆ. ರಿಕವರಿಯಲ್ಲಿ ಅದರಿಂದ ಸಾವು 14ರಿಂದ 12ಕ್ಕೆ ಬಂತು. ಕಿಡ್ನಿ ಸೊರಗಿದ್ದರೆ ಡೋಸ್ ಇಳಿಸಬೇಕು.

ಟೋಸಿಲಿಝುಮ್ಯಾಬ್ ಕೊಟ್ಟ ಮೇಲೆ ಒಂದು ತೊಡಕು ಇದೆ. ಸಿಆರ್‌ಪಿ ತಯಾರಾಗಲು ಇಂಟರ್‌ಲ್ಯೂಕಿನ್-6ರ ಸಂದೇಶವೇ ಬೇಕು. ಅದನ್ನು ತಡೆದ ಮೇಲೆ ರಿಪೋರ್ಟಿನಲ್ಲಿ ಸಿಆರ್‌ಪಿ ಚೆಂದವಾಗಿ ಇಳಿಯುತ್ತದೆ. ಜ್ವರವೂ ಏಳದೇ ಇರಬಹುದು. ಒಳಗೆ ಹೊಸ ಬ್ಯಾಕ್ಟೀರಿಯಾ ಸೋಂಕು ಶುರುವಾಗಿದ್ದರೂ ಗೊತ್ತಾಗುವುದು ತಡ. ಆ ದಿನಗಳಲ್ಲಿ ರಿಪೋರ್ಟಿನ ಒಂದು ಅಂಕಿ ನೋಡಿ ಸಮಾಧಾನ ಪಟ್ಟುಕೊಳ್ಳಲು ಆಗುವುದಿಲ್ಲ. ರೋಗಿಯನ್ನೇ ಮತ್ತೆ ಮತ್ತೆ ನೋಡಬೇಕು.

ನಮ್ಮ ನೆಲದ ಅಪಾಯಗಳು

ಬ್ರಿಟನ್ನಿನ ಅಂಕಿಗಳನ್ನು ಇಲ್ಲಿಗೆ ತರುವಾಗ ನಮ್ಮ ಜನ, ನಮ್ಮ ಮಣ್ಣು ಬೇರೆ ಎಂಬುದನ್ನು ಮರೆಯಬಾರದು. ಮೊದಲನೆಯದು ಶುಗರ್. "ಅಪ್ಪನಿಗೆ ಶುಗರ್ ಇರಲಿಲ್ಲ, ಆಸ್ಪತ್ರೆಗೆ ಸೇರಿದ ಮೇಲೆ ಬಂತು" ಎನ್ನುವ ಮಾತು ಎಷ್ಟು ಸಲ ಕೇಳಿಲ್ಲ! ಎರಡೂ ಆಗಬಹುದು. ಮೊದಲೇ ಇದ್ದದ್ದು ಗೊತ್ತಿರುವುದಿಲ್ಲ, ಅಥವಾ ಸ್ಟೆರಾಯ್ಡ್‌ನಿಂದ ಏರಿರುತ್ತದೆ. ಲಿವರ್ ಜಾಸ್ತಿ ಸಕ್ಕರೆ ಬಿಡುತ್ತದೆ, ಇನ್ಸುಲಿನ್ ಇದ್ದರೂ ಕೆಲಸ ಮಾಡುವುದಿಲ್ಲ. ಅದಕ್ಕೇ ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚುತ್ತಾರೆ, ಇನ್ಸುಲಿನ್ ಹಾಕುತ್ತಾರೆ. ಮಾತ್ರೆಯಲ್ಲೇ ಇದ್ದವರಿಗೆ ಇನ್ಸುಲಿನ್ ಶುರುವಾದರೆ ಅದು ಕಾಯಂ ಎಂದುಕೊಳ್ಳಬೇಡಿ. ಸ್ಟೆರಾಯ್ಡ್ ನಿಂತ ಮೇಲೆ ಅನೇಕರಿಗೆ ಬೇಕಾಗುವುದಿಲ್ಲ. ಜೊತೆಗಿರುವವರು ಹೊರಗಿನಿಂದ ಎಳನೀರು, ಬಾಳೆಹಣ್ಣು, ಜ್ಯೂಸ್ ತಂದು ಕುಡಿಸುವಾಗ ಒಮ್ಮೆ ನರ್ಸ್ ಹತ್ತಿರ ಕೇಳಿ. ಪ್ರೀತಿಯಿಂದಲೇ ತರುತ್ತೇವೆ, ಆದರೆ ಗ್ಲುಕೋಮೀಟರ್‌ನಲ್ಲಿ 350 ಬಂದ ಮೇಲೆ ಡಾಕ್ಟರಿಗೆ ಕಾರಣ ಗೊತ್ತಾಗಬೇಕಲ್ಲ.

ಏರಿದ ಶುಗರ್ ಮತ್ತು ಸ್ಟೆರಾಯ್ಡ್ ಎರಡೂ ಸೇರಿದಾಗ ಏನಾಗುತ್ತದೆ ಎಂದು 2021ರಲ್ಲಿ ಇಡೀ ದೇಶ ನೋಡಿತು. ಕಪ್ಪು ಶಿಲೀಂಧ್ರ. ಆ ವರ್ಷ ಜುಲೈ ಹೊತ್ತಿಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಪ್ರಕರಣ, 4 ಸಾವಿರಕ್ಕೂ ಹೆಚ್ಚು ಸಾವು. ಮೂಗು, ಸೈನಸ್‌ನಲ್ಲಿ ಶುರುವಾಗಿ ಕಣ್ಣಿಗೆ, ಮಿದುಳಿಗೆ ಹೋಗುವ ಕಾಯಿಲೆ. ಕಣ್ಣು ತೆಗೆಸಿಕೊಂಡು ಬದುಕಿದವರು ನಮ್ಮ ಜಿಲ್ಲೆಗಳಲ್ಲೂ ಇದ್ದಾರೆ. ಮದ್ದು ಕೊಟ್ಟದ್ದೇ ತಪ್ಪು ಎಂದು ಆಗ ಹಲವರು ತೀರ್ಮಾನ ಮಾಡಿದರು. ಅದನ್ನು ನಾನು ಒಪ್ಪುವುದಿಲ್ಲ. ಬೇಡದವರಿಗೆ ಕೊಟ್ಟದ್ದು, ಬೇಕಾದದ್ದಕ್ಕಿಂತ ಜಾಸ್ತಿ ದಿನ ಕೊಟ್ಟದ್ದು, ಶುಗರ್ ನೋಡದೆ ಕೊಟ್ಟದ್ದು ತಪ್ಪು.

ಇನ್ನೊಂದು ಅಪಾಯದ ಬಗ್ಗೆ ಜನ ಕೇಳಿಯೇ ಇರುವುದಿಲ್ಲ. ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳ. ಒದ್ದೆ ಮಣ್ಣಿನಲ್ಲಿ ಇದರ ಮರಿಗಳು ಇರುತ್ತವೆ. ಗದ್ದೆಯಲ್ಲಿ, ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರ ಪಾದದ ಚರ್ಮ ತೂರಿ ಒಳಗೆ ಹೋಗಿ ಕರುಳಲ್ಲಿ ನೆಲೆಸುತ್ತವೆ. ಬೇರೆ ಹುಳಗಳ ಹಾಗಲ್ಲ, ಇವು ದೇಹದೊಳಗೇ ಸುತ್ತು ಹಾಕುತ್ತಾ ದಶಕಗಟ್ಟಲೆ ಉಳಿಯಬಲ್ಲವು. ಏನೂ ತೊಂದರೆ ಕಾಣುವುದಿಲ್ಲ. ಸ್ಟೆರಾಯ್ಡ್ ಬಿದ್ದ ಕೂಡಲೇ ಕಾವಲು ಸಡಿಲವಾಗಿ ಸಾವಿರಾರು ಮರಿಗಳು ಶ್ವಾಸಕೋಶ, ಮಿದುಳಿಗೆಲ್ಲ ಹರಡಬಹುದು. ಹೋಗುವಾಗ ಕರುಳಿನ ಬ್ಯಾಕ್ಟೀರಿಯಾವನ್ನೂ ರಕ್ತಕ್ಕೆ ಒಯ್ಯುತ್ತವೆ. ಹಾಗಾದರೆ ಉಳಿಯುವುದು ಕಷ್ಟ. ತಡೆಯುವುದು ಸುಲಭ, ಒಂದೆರಡು ಡೋಸ್ ಐವರ್‌ಮೆಕ್ಟಿನ್. ಕೋವಿಡ್‌ಗೆ ಎಂದು ಜನ ಮುಗಿಬಿದ್ದು ನುಂಗಿದ್ದ ಅದೇ ಮಾತ್ರೆ. ವೈರಸ್‌ಗೆ ಅದರಿಂದ ಪ್ರಯೋಜನ ಕಾಣಲಿಲ್ಲ, ಈ ಹುಳಕ್ಕೆ ಮಾತ್ರ ಅದು ನಿಜವಾದ ಮದ್ದು. ಅಜ್ಜ ಜೀವಮಾನವಿಡೀ ಗದ್ದೆ ಕೆಲಸ ಮಾಡಿದವರು ಎಂದು ಡಾಕ್ಟರಿಗೆ ಒಂದು ಮಾತು ಹೇಳಿ. ಕೇಸ್ ಶೀಟ್‌ನಲ್ಲಿ ಉದ್ಯೋಗದ ಜಾಗಕ್ಕೆ "ನಿವೃತ್ತ" ಎಂದಷ್ಟೇ ಬರೆಸಿದರೆ ಇದು ಯಾರಿಗೂ ಹೊಳೆಯುವುದಿಲ್ಲ.

ಹಾಗೆಯೇ ಹಿಂದೆ ಟಿಬಿ ಆಗಿತ್ತಾ, ಮನೆಯಲ್ಲಿ ಯಾರಿಗಾದರೂ ಇತ್ತಾ, ಹೆಪಟೈಟಿಸ್ ಬಿ ಉಂಟಾ ಎನ್ನುವುದನ್ನು ಮುಚ್ಚಿಡಬೇಡಿ. ಎರಡೂ ಮಲಗಿರುವ ಕಾಯಿಲೆಗಳು, ಈ ಮದ್ದುಗಳು ಎಬ್ಬಿಸಬಹುದು. ಟೋಸಿಲಿಝುಮ್ಯಾಬ್, ಬ್ಯಾರಿಸಿಟಿನಿಬ್ ಕೊಡುವ ಮೊದಲಂತೂ ಇದು ಗೊತ್ತಿರಬೇಕು. ಸಂಧಿವಾತ, ಕಿಡ್ನಿ ಕಸಿ ಎಂದು ಮೊದಲಿನಿಂದಲೂ ದಿನಾ ಸ್ಟೆರಾಯ್ಡ್ ತಗೊಳ್ಳುವವರು ಜ್ವರ ಬಂತೆಂದು ತಾವಾಗಿಯೇ ನಿಲ್ಲಿಸಲೇಬಾರದು. ಅವರ ದೇಹ ತನ್ನದೇ ಸ್ಟೆರಾಯ್ಡ್ ಆದ ಕಾರ್ಟಿಸೋಲ್ ತಯಾರಿಸುವುದನ್ನು ಬಿಟ್ಟಿರಬಹುದು. ಹಠಾತ್ತನೆ ನಿಲ್ಲಿಸಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯ.

ವಾರ್ಡಿನಲ್ಲಿ ಇರುವಾಗ ಇನ್ನೂ ಎರಡು ಸಂಗತಿ ಕಾಣಬಹುದು. ರೋಗಿಗೆ ರಾತ್ರಿ ನಿದ್ದೆ ಬಾರದೆ ಇರುವುದು, ಸುಮ್ನೆ ರೇಗುವುದು, ಕೆಲವೊಮ್ಮೆ ಏನೇನೋ ಮಾತಾಡುವುದು. ಇದು ಸ್ಟೆರಾಯ್ಡ್‌ನಿಂದಲೂ ಆಗುತ್ತದೆ, ಆಕ್ಸಿಜನ್ ಕಡಿಮೆಯಾದರೂ ಆಗುತ್ತದೆ. ಯಾವುದು ಎಂದು ನೀವು ತೀರ್ಮಾನಿಸಬೇಡಿ, ನರ್ಸ್‌ಗೆ ಹೇಳಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೂಡ ಕೈ ತಣ್ಣಗಿದ್ದರೆ, ಉಗುರಿಗೆ ಗಾಢ ಬಣ್ಣ ಇದ್ದರೆ ತಪ್ಪು ತೋರಿಸಬಹುದು. ಇಡೀ ನಿರ್ಧಾರ ಆ ಒಂದು ಅಂಕಿಯ ಮೇಲೆ ನಿಂತಿರುವಾಗ ಬೆರಳು ಬದಲಿಸಿ ಇನ್ನೊಮ್ಮೆ ನೋಡುವುದು ದೊಡ್ಡ ಕೆಲಸವಲ್ಲ.

ಮನೆಗೆ ಬರುವಾಗ ಡಿಸ್ಚಾರ್ಜ್ ಚೀಟಿಯಲ್ಲಿ ಯಾವ ಸ್ಟೆರಾಯ್ಡ್, ಎಷ್ಟು ದಿನ ಕೊಟ್ಟರು, ಇನ್ನು ತಗೊಳ್ಳಬೇಕಾ, ಯಾವತ್ತು ನಿಲ್ಲಿಸಬೇಕು ಎಂದು ಬರೆದಿದೆಯಾ ನೋಡಿ. ಇಲ್ಲದಿದ್ದರೆ ಅಲ್ಲೇ ಬರೆಸಿಕೊಳ್ಳಿ. ಹಳೆಯ ಚೀಟಿ ತೋರಿಸಿ ಮೆಡಿಕಲ್‌ನಿಂದ ಮತ್ತೆ ಮತ್ತೆ ಅದೇ ಮಾತ್ರೆ ತರುವುದು ಬೇಡ. ಮೊದಲ ಕೆಲವು ವಾರ ಶುಗರ್ ನೋಡುತ್ತಿರಿ. ಮೂಗು ಒಂದೇ ಕಡೆ ಕಟ್ಟಿದರೆ, ಕೆನ್ನೆ ನೋವು ಅಥವಾ ಮರಗಟ್ಟಿದ ಹಾಗೆ ಆದರೆ, ಮೂಗಿನಿಂದ ಕಪ್ಪಾಗಿ ಏನಾದರೂ ಬಂದರೆ, ಎರಡೆರಡು ಕಂಡರೆ ಅದೇ ದಿನ ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಹೋಗಿ. ತಿಂಗಳುಗಳ ನಂತರ ಸೊಂಟದ ಕೆಳಗೆ, ತೊಡೆಸಂದಿಯಲ್ಲಿ ನೋವು ಶುರುವಾಗಿ ನಡೆಯಲು ಕಷ್ಟವಾದರೆ ವಯಸ್ಸಾಯಿತು ಎಂದು ಬಿಡಬೇಡಿ. ಸ್ಟೆರಾಯ್ಡ್ ಜಾಸ್ತಿ ಹೋದವರಲ್ಲಿ ತೊಡೆಮೂಳೆಯ ತಲೆಗೆ ರಕ್ತ ಸಾಲದೆ ಮೂಳೆ ಸಾಯುವುದುಂಟು. 2003ರ ಸಾರ್ಸ್ ರೋಗದಲ್ಲಿ ಹೆಚ್ಚಿನ ಡೋಸ್ ಪಡೆದು ಬದುಕಿದ ಅನೇಕರಿಗೆ ಹಾಗಾಗಿತ್ತು. ಆರಂಭದಲ್ಲಿ ಎಕ್ಸ್-ರೇ ಸರಿಯಾಗಿಯೇ ಕಾಣಬಹುದು, ಎಂಆರ್‌ಐಯಲ್ಲಿ ಗೊತ್ತಾಗುತ್ತದೆ. ಮೂಳೆ ಡಾಕ್ಟರ ಹತ್ತಿರ ಹೋದಾಗ ಆ ಹಳೆಯ ಡಿಸ್ಚಾರ್ಜ್ ಚೀಟಿಯನ್ನೂ ಕೊಂಡುಹೋಗಿ.